ಅರವತ್ತೊಂದರ ಗೆರೆ

ಬಿಚ್ಚಿಟ್ಟ ಯಂತ್ರದ ಐದನೆಯ ಲೋಹದ ತಟ್ಟೆಯನ್ನು ಯಂತ್ರದಕ್ಕ ಬೆಳಕಿಗೆ ಹಿಡಿದು ನೋಡಿದಳು. ನಡುವಿನ ತೂತಿನ ಸುತ್ತ ಕಂದು ಕಲೆ ಹಾಗೇ ಇತ್ತು. ಹತ್ತಿಗೆ ಮತ್ತೊಂದಿಷ್ಟು ಬಿಳಿ ಪುಡಿ ಹಚ್ಚಿ, ತಳ ಹಿಡಿದ ಪಾತ್ರೆ ತಿಕ್ಕುವವಳ ಹಾಗೆ ತಿಕ್ಕತೊಡಗಿದಳು. ಇಪ್ಪತ್ತಾರು ವರ್ಷದಿಂದ ಪ್ರಯೋಗಾಲಯದ ಈ ಯಂತ್ರವನ್ನು ಬಿಚ್ಚಿ, ತೊಳೆದು, ಜೋಡಿಸುವುದು ಅವಳ ಕೆಲಸ. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಯಂತ್ರದಕ್ಕ ಎನ್ನುವುದು ಬೆನ್ನ ಹಿಂದಿನ ಹೆಸರು. ಅದು ಅವಳಿಗೂ ಗೊತ್ತಿತ್ತು.

ಪ್ರೊಫೆಸರು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತರು.

"ನಿಮ್ಮ ಗುಬ್ಬಿ ಮತ್ತೆ ಸಂಶೋಧನೆ ಮಾಡ್ತಾಳಂತೆ. ಅರ್ಜಿ ಹಾಕಿರೋ ಕಡೆಯವರು ನನ್ನ ಅಭಿಪ್ರಾಯ ಕೇಳಿದ್ರು."

ಅಕ್ಕನ ಕೈ ನಿಂತಿತು.

ಇಲ್ಲಿ ಸಂಶೋಧನೆಗೆ ಬಂದು, ಎತ್ತರದ ಸ್ಟೂಲಿನ ಮೇಲೆ ಕಾಲು ಮಡಚಿ ಕೂತು, ಕೊಟ್ಟದ್ದನ್ನೆಲ್ಲ ಕುಕ್ಕಿ ಕುಕ್ಕಿ ತಿನ್ನುತ್ತಿದ್ದ ಆ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟವಳೇ ಅಕ್ಕ. ಈ ಯಂತ್ರದ ಉಕ್ಕಿನ ಉದ್ದ ಕೊಳವೆಯಲ್ಲಿ ಹೀಲಿಯಂ ಗಾಳಿ ಬೀಸುತ್ತದೆ. ವಿದ್ಯುತ್ತು ಹೊತ್ತ ಕಣಗಳು, ಅಂದರೆ ಋಣ ಅಯಾನುಗಳು, ಆ ಗಾಳಿಯಲ್ಲಿ ತೇಲಿ ಬರುತ್ತವೆ. ಪಕ್ಕದ ಗಾಜಿನ ಬುರುಡೆಯಿಂದ ಗಂಧಕವಿದ್ದ ದ್ರವದ ಆವಿಯನ್ನು ಅದಕ್ಕೆ ಬಿಟ್ಟರೆ, ಅಯಾನು ಆವಿಯನ್ನು ತಾಕಿ ಹೊಸದೊಂದು ಅಯಾನು ಹುಟ್ಟುತ್ತದೆ. ಕೊನೆಯಲ್ಲಿ ಯಂತ್ರ ಎಲ್ಲವನ್ನೂ ತೂಗಿ, ಒಂದೊಂದು ತೂಕಕ್ಕೆ ಒಂದೊಂದು ಗೆರೆ ಎಳೆಯುತ್ತದೆ. ಗುಬ್ಬಿಯ ಗೆರೆ ಅರವತ್ತೊಂದರಲ್ಲಿ ಏಳುತ್ತಿತ್ತು. ಅದು ಎಷ್ಟು ಎತ್ತರ ಏಳುತ್ತದೆ ಎನ್ನುವುದೇ ಅವಳ ಎರಡು ವರ್ಷದ ದುಡಿಮೆ. ಅದು ಅಚ್ಚಾಯಿತು, ಬೇರೆ ಊರಿನವರು ಮಾಡಿ ನೋಡಿದಾಗ ಅವಳು ಹೇಳಿದ್ದರ ಅರ್ಧವೂ ಬರಲಿಲ್ಲ. ಬರಹವನ್ನು ಹಿಂದಕ್ಕೆ ಪಡೆದರು. ಅಂಕಿಗಳನ್ನು ತಿದ್ದಿದ್ದಾಳೆ ಎಂದು ಒಬ್ಬರು ಆಡಿದರು, ಹತ್ತು ಜನ ನಂಬಿದರು. ಸಂಶೋಧನೆ ಬಿಟ್ಟು ಹೊರಡುವ ದಿನ ಹುಡುಗಿ ಇದೇ ಮೇಜಿನ ಹತ್ತಿರ ಬಂದು, "ನಾನು ಸರಿಯಾಗೇ ಮಾಡಿದ್ದೆ ಅಕ್ಕ" ಎಂದಿದ್ದಳು. ಅಕ್ಕ ತಲೆ ಸವರಿ ಕಳಿಸಿದ್ದಳು.

ಎಂಟು ತಿಂಗಳ ಮೇಲೆ ಗೊತ್ತಾಯಿತು. ಬುರುಡೆ ಸೇರುವ ಸಂದಿಯಲ್ಲಿ ಒಂದು ರಬ್ಬರ್ ಉಂಗುರವಿದೆ. ಅಲ್ಲಿ ಸೋರಿಕೆ ಇದೆಯೇ ಎಂದು ನೋಡಲು ಅಕ್ಕನಿಗೆ ತನ್ನದೇ ದಾರಿ: ಬುರುಡೆ ಮುಚ್ಚಿ, ಕೊಳವೆಯ ತಿರುಪು ತೆರೆದು, ಸಂದಿಗೆ ಬಾಯಿಟ್ಟು ಊದುವುದು. ಸೋರುತ್ತಿದ್ದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೆ ನುಗ್ಗಿ ಅಲ್ಲಿಯ ಅಯಾನಿಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿ ಹುಟ್ಟಿದ ಅಯಾನಿನ ತೂಕವೂ ಅರವತ್ತೊಂದೇ. ಯಂತ್ರಕ್ಕೆ ತೂಕ ಗೊತ್ತು, ಯಾರ ಮಗು ಎಂದು ಗೊತ್ತಿಲ್ಲ. ಆ ದಿನ ಊದಿದಾಗ ಗೆರೆ ಚಂಗನೆ ನೆಗೆಯಿತು. ಉಂಗುರ ತೆಗೆದರೆ ಕೂದಲೆಳೆಯಷ್ಟು ಬಿರುಕು, ಅಂಚೆಲ್ಲ ಸವೆದು ಹಳತಾಗಿತ್ತು. ಗುಬ್ಬಿಯ ಗೆರೆಯನ್ನು ಎತ್ತರಿಸಿದ್ದು ಅದರಲ್ಲಿ ನುಗ್ಗಿದ ಕೋಣೆಯ ಗಾಳಿ. ಯಂತ್ರದ ದಾಖಲೆ ಪುಸ್ತಕ ತಿರುವಿದಳು. ಗುಬ್ಬಿಯ ಕೆಲಸ ಶುರುವಾದ ವಾರದ ಸಾಲಿನಲ್ಲಿ ತನ್ನದೇ ಅಕ್ಷರ: ಊದಿ ನೋಡಿದೆ, ಸೋರಿಕೆ ಇಲ್ಲ. ಕೆಳಗೆ ಸಹಿ. ಆ ವಾರ ಅವಳಿಗೆ ನೆಗಡಿ. ಮೂಗು ಬಾಯಿಗೆ ದಪ್ಪ ಬಟ್ಟೆ ಸುತ್ತಿಕೊಂಡೇ ಊದಿದ್ದಳು. ಉಸಿರು ಸಂದಿಗೆ ಮುಟ್ಟಿರಲಿಲ್ಲ, ಆಮೇಲೆ ಮತ್ತೆ ಊದಿ ನೋಡಿರಲೂ ಇಲ್ಲ.

ಹೊಸ ಉಂಗುರ ಹಾಕಿದಳು, ಹಳೆಯದನ್ನು ಕಸಕ್ಕೆಸೆದಳು. ಮನೆಗೆ ಹೋಗಿ ಗುಬ್ಬಿಗೆ ಕಾಗದವನ್ನೂ ಬರೆದಳು. ಅಂಚೆಗೆ ಹಾಕಲಿಲ್ಲ. ಹುಡುಗಿ ಎಲ್ಲೋ ಪಾಠ ಹೇಳಿಕೊಂಡು ನೆಮ್ಮದಿಯಾಗಿದ್ದಾಳಂತೆ, ಆರಿದ ಗಾಯ ಯಾಕೆ ಕೆದಕಲಿ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆಯೇ ಮೂರು ವರ್ಷ.

"ಏನಂತ ಬರೀತೀರಿ ಸಾರ್?"

"ಬರೆದಾಯ್ತಲ್ಲ. ಬೆಳಿಗ್ಗೇನೇ ಕಳಿಸ್ದೆ. ಬುದ್ಧಿವಂತೆ, ಕೈ ನಂಬೋ ಹಾಗಿಲ್ಲ ಅಂತ. ಸುಳ್ಳು ಬರೆಯೋಕಾಗತ್ತಾ?"

ಅಕ್ಕ ತಟ್ಟೆಯನ್ನು ಕೆಳಗಿಟ್ಟು ಎಲ್ಲ ಹೇಳಿದಳು: ನೆಗಡಿ, ಬಟ್ಟೆ, ಬಿರುಕು. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ಪ್ರೊಫೆಸರು ಟೀ ಕುಡಿಯದೆ ಕೇಳಿದರು. ಆ ಉಂಗುರ ಎಲ್ಲಿ ಎಂದರು. ಇಲ್ಲ. ಬೇರೆ ಯಾರಾದರೂ ನೋಡಿದ್ದರೇ ಎಂದರು. ಇಲ್ಲ. ಪುಸ್ತಕದಲ್ಲಿ ಏನಿದೆ ಎಂದರು. ಸೋರಿಕೆ ಇಲ್ಲ ಎಂದಿದೆ.

"ಮತ್ತೆ ನಾನೇನು ಮಾಡ್ಲಿ ಹೇಳಿ. ಬೆಳಿಗ್ಗೆ ಒಂದು, ಸಂಜೆ ಒಂದು ಬರೆದ್ರೆ ಎರಡನ್ನೂ ಬುಟ್ಟಿಗೆ ಹಾಕ್ತಾರೆ. ಆ ಹುಡುಗಿ ಮೇಲಿನ ಮಮತೆಗೆ ಹೇಳ್ತಿದೀರಿ ಅಂತಾರೆ." ಆಮೇಲೆ ತಮಗೆ ತಾವೇ ಎಂಬಂತೆ, "ನಾನೂ ಒಂದ್ಸಲ ಊದಿ ನೋಡ್ಬಹುದಿತ್ತು" ಎಂದರು. ತಣ್ಣಗಾದ ಟೀಯನ್ನು ತೊಟ್ಟಿಗೆ ಚೆಲ್ಲಿ ಹೋದರು.

ಅವಳು ಉಳಿದ ತಟ್ಟೆಗಳನ್ನು ಉಜ್ಜಿ, ಒರೆಸಿ, ಸಾಲಾಗಿ ಇಟ್ಟಳು. ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿರಲಿಲ್ಲ. ಆಮೇಲೆ ಮನೆಗೆ ಹೋಗಿ, ಸೀರೆಗಳ ಅಡಿಯಲ್ಲಿದ್ದ ಕಾಗದ ತೆಗೆದು ಓದಿದಳು. ಅದರಲ್ಲಿ ಕ್ಷಮಿಸು ಎಂಬ ಮಾತು ಮೂರು ಕಡೆ ಇತ್ತು. ಎರಡನ್ನು ಹೊಡೆದು ಹಾಕಿದಳು. ಕೆಳಗೆ ಸೇರಿಸಿದಳು: ಇದನ್ನು ಯಾರಿಗೆ ಬೇಕಾದರೂ ತೋರಿಸು. ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಪುಸ್ತಕದಲ್ಲಿರುವ ಸಹಿಯೂ ಇದೂ ಒಂದೇ ಕೈಯದು.

ಅಂಚೆ ಕಚೇರಿ ಮುಚ್ಚುವ ಹೊತ್ತು. ಕಿಟಕಿಯ ಹೆಂಗಸು ಹಣೆ ಉಜ್ಜಿಕೊಳ್ಳುತ್ತ, ಅರ್ಜೆಂಟಾ ಎಂದು ಕೇಳಿದಳು. ಅಕ್ಕ ಲಕೋಟೆಯನ್ನು ಕಿಟಕಿಯೊಳಗೆ ತಳ್ಳಿದಳು.

"ಇವತ್ತು ಹೋದ್ರೆ ಸಾಕಮ್ಮ."

ಹೆಂಗಸು ಮುದ್ರೆ ಒತ್ತಿ, ತಿರುಗಿಯೂ ನೋಡದೆ ಲಕೋಟೆಯನ್ನು ಹಿಂದಕ್ಕೆಸೆದಳು. ಅದು ಚೀಲದ ಬಾಯಂಚಿಗೆ ಸಿಕ್ಕಿ, ಅರ್ಧ ಒಳಗೆ ಅರ್ಧ ಹೊರಗೆ ನಿಂತಿತು. ಸಾಲಿನಲ್ಲಿದ್ದವರು ಮುಂದೆ ಸರಿಯಿರಿ ಎಂದರು. ಅಕ್ಕ ಸರಿದು, ಕಂಬಿ ಹಿಡಿದು ನೋಡುತ್ತ ನಿಂತಳು. ಇನ್ಯಾರದೋ ದಪ್ಪ ಲಕೋಟೆ ಹಾರಿ ಬಂದು ಅದರ ಮೇಲೆ ಬಿತ್ತು. ಎರಡೂ ಒಟ್ಟಿಗೆ ಒಳಗೆ ಜಾರಿದವು.