ಗೆರೆಯ ಮೇಲೆ ಎರಡು

ಮಾಹಿತಿ ವ್ಯವಸ್ಥೆಯ ಕ್ಲಾಸಿಗೆಂದು ನಾನು ಕಾಗಾಲದಿಂದ ಕುಮಟೆಗೆ ಹೋಗುತ್ತೇನೆ. ನಿಮಗೆ ಗೊತ್ತಿರುವ ಒಂದು ಸಂಸ್ಥೆಯ ಡೇಟಾ ಮಾಡೆಲ್, ಅಂದರೆ ಅಲ್ಲಿ ಯಾವುದು ಯಾವುದಕ್ಕೆ ಹೇಗೆ ಸೇರುತ್ತದೆ ಎಂಬ ನಕ್ಷೆ, ಬರೆದು ತನ್ನಿ ಎಂದರು ಪ್ರವೀಣ ಸರ್. ಎಲ್ಲರೂ ಬ್ಯಾಂಕು, ಆಸ್ಪತ್ರೆ ಬರೆದರು. ನಾನು ಹಟಕ್ಕೆ ನಮ್ಮೂರ ಹೆಂಗಸರ ಹಾಡಿನ ಸಂಘ ಬರೆದೆ. ‘ಹಾಡು’ ಒಂದು ಚೌಕ, ‘ಹಾಡುವವಳು’ ಇನ್ನೊಂದು. ಒಂದು ಹಾಡಿಗೆ ಕಡಿಮೆಯೆಂದರೂ ಎಷ್ಟು ಜನ ಬೇಕು ಎಂಬುದನ್ನು ನಡುವಿನ ಗೆರೆಯ ಮೇಲೆ ನಮೂದಿಸಬೇಕು. ಒಂದು ಎಂದು ಬರೆದೆ.

ಅದೇ ಸಂಘದಲ್ಲಿ ಹಾಡುತ್ತಿದ್ದ ನನ್ನ ಅಜ್ಜಿ ಸಣ್ಣಮ್ಮನಿಗೆ ಇದನ್ನು ವಿವರಿಸಿದೆ; ನಕ್ಕಳು. “ಒಬ್ಳೇ ಹಾಡೂದು ಎಂತ ಹಾಡು? ಒಬ್ಳು ಎತ್ತಬೇಕು, ಇನ್ನೊಬ್ಳು ಹಿಂದೆ ಹೇಳ್ಬೇಕು.”

ನಲವತ್ತು ವರ್ಷ ಅವಳ ಹಿಂದೆ ಹೇಳಿದವಳು ಧಾರೇಶ್ವರದ ತಿಮ್ಮಿ. ಅವರಿಬ್ಬರ ಹಾಡುಗಳು ಸಂಘದಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ತಿಮ್ಮಿ ತೀರಿಕೊಂಡ ಮೇಲೆ ಅಜ್ಜಿ ಹಾಡಿಲ್ಲ. ಗಂಟಲು ಹೋಯಿತೆಂದು ನಾವೇ ತೀರ್ಮಾನಿಸಿದ್ದೆವು. ಗೆರೆಯ ಮೇಲಿನ ಒಂದನ್ನು ಅಳಿಸಿ ಎರಡು ಎಂದು ಬರೆದೆ. ಕ್ಲಾಸಿನಲ್ಲಿ ಸರ್‌ಗೆ ಕಾರಣವನ್ನೂ ಹೇಳಿದೆ.

“ಹಾಗಾದ್ರೆ ನಿನ್ನ ಅಜ್ಜಿಯ ಹೆಸರಲ್ಲಿ ಒಂದು ಹಾಡೂ ದಾಖಲಾಗೂದಿಲ್ಲ, ಅಂಕಿತಾ. ನಿಯಮ ತಪ್ಪು, ಒಂದು ಅಂತ ಮಾಡು,” ಎಂದರು ಸರ್.

“ನಿಯಮ ಸರಿ ಇದೆ ಸರ್. ಜನ ಇಲ್ಲ, ಅಷ್ಟೆ,” ಎಂದೆ. ಸಿಟ್ಟು ಬಂದಿತ್ತು.

ಸಂಜೆ ಬಸಳೆ ಸೊಪ್ಪು ಸೋಸುತ್ತಿದ್ದ ಅಜ್ಜಿಯ ಎದುರು ಕೂತು, “ಒಂದು ಎತ್ತು, ನಾ ಹಿಂದೆ ಹೇಳ್ತೆ,” ಎಂದೆ. ಅವಳು ಒಂದು ಸಾಲು ಹಾಡಿ ನಿಲ್ಲಿಸಿದಳು. ಗಂಟಲು ಚೆನ್ನಾಗಿಯೇ ಇತ್ತು. ನಾನು ಹೇಳಿದೆ; ದನಿ ಎಲ್ಲೆಲ್ಲೋ ಹೋಯಿತು.

“ಆತು,” ಎಂದು ಅಜ್ಜಿ ಅದೇ ಸಾಲನ್ನು ಮತ್ತೆ ಎತ್ತಿದಳು. ಹಾಡಿ ಮುಗಿಸಿ ಕಾಯುವಾಗ ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಧಾರೇಶ್ವರದ ದಾರಿಯನ್ನು.