ಹೆಣ್ಣು ಕೊಟ್ಟವನ ಅಕ್ಕಿ

ಗಂಡನ ದವಡೆಗೆ ಬಿಳಿ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಬಿಗಿಯುತ್ತಿದ್ದ ಬೋರಮ್ಮನ ಕೈಯನ್ನು ಪಕ್ಕದ ಮನೆಯ ದಾನಮ್ಮ ಹಿಡಿದುಕೊಂಡಳು. ಅಷ್ಟೊಂದು ಬಿಗಿಯಬೇಡ, ಬಾಯಿಗೆ ಅಕ್ಕಿ ಹಾಕುವಾಗ ಮತ್ತೆ ಬಿಚ್ಚಬೇಕಲ್ಲ ಎಂದಳು. ಬೋರಮ್ಮ ಕೇಳಲಿಲ್ಲ. ಮದುವೆಯಾದಾಗಿನಿಂದ ಮುಚ್ಚದ ಬಾಯಿ ಅದು, ಇವತ್ತೊಂದು ದಿನವಾದರೂ ಮುಚ್ಚಿಕೊಂಡಿರಲಿ ಎಂದು ಇನ್ನೊಂದು ಗಂಟು ಹಾಕಿದಳು.

ಹೊರಗೆ ಶಾಮಿಯಾನದ ಕೆಳಗೆ ಜನ ಸೇರುತ್ತಿದ್ದರು. ಮಗ ಮಂಜುನಾಥ್ ಬೆಳಗಾಗುವುದರೊಳಗೆ ಫ್ಲೆಕ್ಸ್ ಮಾಡಿಸಿ ಗೇಟಿಗೆ ಕಟ್ಟಿಸಿದ್ದ. ಅದರಲ್ಲಿ ಚಿಕ್ಕಣ್ಣ ಮೀಸೆ ತಿರುವಿಕೊಂಡು ಕೋವಿ ಹಿಡಿದು ನಿಂತಿದ್ದ. ಕೆಳಗೆ ದಪ್ಪಕ್ಷರದಲ್ಲಿ ‘ಕರಡಿ ಚಿಕ್ಕಣ್ಣನವರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದಿತ್ತು. ಬೆಂಗಳೂರಿನ ಅಂಚಿನ ಉಲ್ಲಾಳದ ಹೊಲಗಳೆಲ್ಲ ಲೇಔಟಾಗಿ, ಯಾರ ಮನೆ ಎಲ್ಲಿ ಎಂದು ಹಳಬರಿಗೇ ತಿಳಿಯದಂತಾದ ಮೇಲೂ ಕರಡಿ ಚಿಕ್ಕಣ್ಣ ಎಂದರೆ ಬಸ್ ಸ್ಟಾಪಿನಲ್ಲಿ ನಿಂತವರು ಕೈ ತೋರಿಸುತ್ತಿದ್ದರು. ಮಹಡಿಯ ಬಾಡಿಗೆಯವರು ಬ್ಯಾಗು ತಗುಲಿಸಿಕೊಂಡು ಇಳಿದು ಬಂದು, ಹೆಣಕ್ಕೊಂದು ನಮಸ್ಕಾರ ಹಾಕಿ ಆಫೀಸಿಗೆ ಓಡಿದರು.

ಸಾವಿನ ಮನೆಯಲ್ಲಿ ಹೊಗಳಿಕೆಗೇನು ಬರ? ಬಂದವರೆಲ್ಲ ಕಾಫಿ ಲೋಟ ಹಿಡಿದು ಅವನು ಹಿಂದೆ ಹೊಡೆದಿದ್ದ ಅದೇ ಕರಡಿಯನ್ನು ಮತ್ತೆ ಮತ್ತೆ ಕೊಂದರು. ಒಬ್ಬರ ಬಾಯಲ್ಲಿ ಅದು ಎಮ್ಮೆಯಷ್ಟಿತ್ತು, ಇನ್ನೊಬ್ಬರ ಬಾಯಲ್ಲಿ ಆನೆಮರಿಯಷ್ಟಾಯಿತು. ಎಂಥಾ ಗಂಡಸು, ಭಾವಮೈದನ ಜೀವ ಉಳಿಸಿದ ಪುಣ್ಯಾತ್ಮ ಎಂದು ಎಲ್ಲರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಪುಣ್ಯಾತ್ಮನ ಕೈ ಎಂಥದ್ದೆಂದು ಬೋರಮ್ಮನ ಎಡಗಿವಿಗೆ ಗೊತ್ತಿತ್ತು. ಅವನು ಹೊಡೆದ ಒಂದು ಏಟಿಗೆ ಆ ಕಿವಿ ಕೇಳುವುದನ್ನು ನಿಲ್ಲಿಸಿ ನಲವತ್ತು ವರ್ಷದ ಮೇಲಾಗಿತ್ತು.

ಅವಳಿಗೆ ಅಳು ಬಂದಿರಲಿಲ್ಲ. ಬೇಕಾಗಿದ್ದದ್ದು ಒಂದೇ. ನಾಯಂಡಹಳ್ಳಿಯಿಂದ ಅಣ್ಣ ಮುನಿಯಣ್ಣ ಬರಬೇಕು, ಹೆಣದ ಬಾಯಿಗೆ ಅಕ್ಕಿ ಹಾಕಬೇಕು. ಅವರಲ್ಲಿ ಹೆಣ್ಣು ಕೊಟ್ಟ ಮನೆಯವರ ಅಕ್ಕಿಯೇ ಮೊದಲು, ಅದು ಬೀಳದೆ ಚಟ್ಟ ಏಳುವುದಿಲ್ಲ. ಅದು ಬಿದ್ದರೆ ಅಣ್ಣನ ಜೀವದ ಋಣ ಅಲ್ಲಿಗೆ ಹರಿದಂತೆ. ಅಣ್ಣ ಬದುಕಿದ, ಅದಕ್ಕೆ ತಾನು ತೆತ್ತೆ, ಇವತ್ತಿಗೆ ಮುಗಿಯಿತು ಎಂದುಕೊಂಡು ಇನ್ನುಳಿದ ನಾಲ್ಕು ದಿನ ನೆಮ್ಮದಿಯಾಗಿ ಉಣ್ಣಬಹುದು.

*

ಆಗ ಶಿಕಾರಿಗೆ ಯಾರ ಹೆದರಿಕೆಯೂ ಇರಲಿಲ್ಲ. ಸುಗ್ಗಿ ಮುಗಿದರೆ ಉಲ್ಲಾಳದ ಗಂಡಸರು ಗಾಡಿ ಕಟ್ಟಿಕೊಂಡು ಸಾವನದುರ್ಗದ ಕಾಡಿಗೆ ಹೋಗುತ್ತಿದ್ದರು. ಮೊಲ, ಹಂದಿ ಎಲ್ಲರೂ ಹೊಡೆದವರೇ, ಕರಡಿ ಹೊಡೆದವನಿಗೆ ಮಾತ್ರ ಹೆಸರು. ಚಿಕ್ಕಣ್ಣ ಎರಡು ಕರಡಿಗೆ ಗುರಿಯಿಟ್ಟು ಎರಡನ್ನೂ ಬಿಟ್ಟುಕೊಂಡಿದ್ದ. ಬಾವಿಕಟ್ಟೆಯ ಹೆಂಗಸರು ಅವನನ್ನು ಕಂಡರೆ ಮುಸಿಮುಸಿ ನಗುತ್ತಿದ್ದರು.

ಆ ವರ್ಷವೇ ಅವನು ಬೋರಮ್ಮನನ್ನು ಕೇಳಿಸಿದ್ದು. ಅಪ್ಪ ಇಲ್ಲದ ಮನೆ, ಅಣ್ಣನ ಮಾತೇ ಕೊನೆ. ಎತ್ತಿಗೆ ಹಾಗೆ ಬಡಿಯುವವನು ಹೆಂಡತಿಯನ್ನು ಬಿಡುತ್ತಾನೆಯೇ, ಕೊಡುವುದಿಲ್ಲ ಎಂದುಬಿಟ್ಟಿದ್ದ ಮುನಿಯಣ್ಣ. ಒಳಗೆ ರಾಗಿ ಬೀಸುತ್ತಿದ್ದ ಬೋರಮ್ಮ ಅದನ್ನು ಕೇಳಿಸಿಕೊಂಡು ಅಣ್ಣನೆಂದರೆ ಇವನು ಎಂದು ಉಬ್ಬಿಹೋಗಿದ್ದಳು.

ಆದರೂ ಶಿಕಾರಿಯಲ್ಲಿ ಮನಸ್ತಾಪ ನೋಡುವ ಪದ್ಧತಿಯಿಲ್ಲ. ಇಬ್ಬರೂ ಒಂದೇ ಗಾಡಿ ಹತ್ತಿದರು. ಗವಿಯ ಬಾಯಿಗೆ ಒಣಹುಲ್ಲು ತುಂಬಿ ಹೊಗೆ ಹಾಕುವುದು, ಈಟಿ ಹಿಡಿದ ಒಬ್ಬ ಕೆಳಗೆ ನಿಲ್ಲುವುದು, ಕೋವಿಯವನು ಬಂಡೆಯ ಮೇಲೆ ಕೂರುವುದು ಅವರ ರೀತಿ. ಉಳಿದವರು ಗುಡ್ಡದ ಆಚೆ ಮಗ್ಗುಲು ಕಾಯುತ್ತಿದ್ದರು. ಊರಿಗೆ ಗೊತ್ತಿದ್ದದ್ದು ಇಷ್ಟೇ. ಹೊಗೆಗೆ ಹೊರಬಿದ್ದ ಕರಡಿ ಮುನಿಯಣ್ಣನ ಮೇಲೆ ಬಿತ್ತು, ಬಂಡೆಯ ಮೇಲಿದ್ದ ಚಿಕ್ಕಣ್ಣ ಒಂದೇ ಗುಂಡಿಗೆ ಅದನ್ನು ಉರುಳಿಸಿದ, ಅಷ್ಟರೊಳಗೆ ಮೂಗಿನಿಂದ ಗದ್ದದವರೆಗೆ ಮುನಿಯಣ್ಣನ ಮುಖ ಹೋಗಿತ್ತು. ಗಾಡಿಯಲ್ಲಿ ಕರಡಿ ಒಂದು ಕಡೆ, ಮುನಿಯಣ್ಣ ಒಂದು ಕಡೆ ಮಲಗಿ ಬಂದರು. ಊರ ಮುಂದೆ ತಮಟೆ ಹೊಡೆದು ಮೊದಲು ಇಳಿಸಿದ್ದು ಕರಡಿಯನ್ನು. ತಾಯಂದಿರು ಮಕ್ಕಳ ತಾಯತಕ್ಕೆಂದು ಅದರ ಕೂದಲು ಕೀಳಲು ಮುಗಿಬಿದ್ದರು.

ತುಟಿಯಿಲ್ಲದ ಆ ಬಾಯಿಗೆ ಬೋರಮ್ಮ ತಿಂಗಳುಗಟ್ಟಲೆ ಗಂಜಿ ಬಿಟ್ಟಳು. ಅದರಿಂದ ಬರುತ್ತಿದ್ದದ್ದು ಬರೀ ಉಸಿರು, ಗೊರಗೊರ ಸದ್ದು. ಬೇರೆಯವರು ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಇವಳು ಕೂತು ಕೂತು ಕಲಿತಳು. ಅವಳಿಗೆ ಪೂರ್ತಿ ತಿಳಿದ ಮೊದಲ ಮಾತು ‘ಚಿಕ್ಕಣ್ಣನ್ನ ಮದ್ವೆ ಆಗು’ ಎಂಬುದು. ಅಣ್ಣನ ಜೀವ ಉಳಿಸಿದವನನ್ನು ಒಲ್ಲೆ ಎನ್ನುವುದು ಹೇಗೆ? ತಲೆ ಬಗ್ಗಿಸಿ ತಾಳಿ ಕಟ್ಟಿಸಿಕೊಂಡಳು.

*

ಬಿಸಿಲೇರುವ ಹೊತ್ತಿಗೆ ಆಟೊ ಬಂದು ನಿಂತಿತು. ಟವೆಲಿನಿಂದ ಕಣ್ಣಿನ ಕೆಳಗೆಲ್ಲ ಸುತ್ತಿಕೊಂಡಿದ್ದ ಮುನಿಯಣ್ಣನನ್ನು ಮಂಜುನಾಥ್ ಕೈಹಿಡಿದು ಇಳಿಸಿದ. ನಾಯಂಡಹಳ್ಳಿಯ ಕಬ್ಬಿಣದ ಗೋದಾಮೊಂದರಲ್ಲಿ ಕಾವಲಿದ್ದು, ಅಲ್ಲೇ ಒಂದು ಶೀಟಿನ ರೂಮಿನಲ್ಲಿ ಮುದುಕನಾದವನು. ಮದುವೆಯಿಲ್ಲ, ಮಕ್ಕಳಿಲ್ಲ, ಓದುಬರಹವಿಲ್ಲ. ಕೊರೋನಾ ಬಂದು ಊರಿಗೆ ಊರೇ ಮುಖ ಮುಚ್ಚಿಕೊಂಡಾಗ ಮಾತ್ರ ನಾಲ್ಕು ಜನರಂತೆ ಬೀದಿಯಲ್ಲಿ ಓಡಾಡಿದ್ದ.

ಅವನ ಬಾಯಿ ಎಂದರೆ ಬೋರಮ್ಮ. ಡಾಕ್ಟರ ಮುಂದೆ, ರೇಷನ್ ಅಂಗಡಿಯಲ್ಲಿ, ಗೋದಾಮಿನ ಸಾಹುಕಾರನ ಹತ್ತಿರ, ಅವನ ಪರವಾಗಿ ಮಾತಾಡಿದವಳು ಇವಳೇ. ಚಿಕ್ಕಣ್ಣನಿಗೆ ಅದೊಂದು ಆಟ. ಮನೆಗೆ ನೆಂಟರು ಬಂದರೆ ಭಾವಮೈದನನ್ನು ಕರೆಸಿ, ಎಲ್ಲರೆದುರಿಗೆ ಟವೆಲು ಎಳೆದು, ಕರಡಿ ಎಲ್ಲಿಯವರೆಗೆ ತಿಂದಿತ್ತು, ತಾನು ಎಲ್ಲಿಗೆ ನಿಲ್ಲಿಸಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಮುನಿಯಣ್ಣ ಕೊರಳು ಕೊಟ್ಟ ಕುರಿಯಂತೆ ನಿಂತಿರುತ್ತಿದ್ದ.

ಕಿವಿಯಿಂದ ರಕ್ತ ಸೋರಿಸಿಕೊಂಡು ಒಂದು ದಿನ ಅವಳು ಗೋದಾಮಿಗೆ ಓಡಿಹೋಗಿದ್ದಳು. ಇಲ್ಲೇ ಇರುತ್ತೇನೆ, ಕೂಲಿ ಮಾಡುತ್ತೇನೆ, ಅಲ್ಲಿಗೆ ಕಳಿಸಬೇಡ ಎಂದು ಕಾಲು ಹಿಡಿದಿದ್ದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಅವನಿಲ್ಲದಿದ್ದರೆ ನಾನೆಲ್ಲಿರುತ್ತಿದ್ದೆ ಎಂದು ಮುನಿಯಣ್ಣ ತಾನೇ ಬಸ್ಸು ಹತ್ತಿಸಿ ಕಳಿಸಿದ್ದ. ಅಣ್ಣ ಬದುಕಿದ್ದಾನಲ್ಲ, ಅಷ್ಟು ಸಾಕು ಎಂದುಕೊಂಡು ಅವಳು ಕಿಟಕಿಯ ಪಕ್ಕ ಕೂತಿದ್ದಳು. ಆಮೇಲೆ ಪ್ರತಿ ಏಟು ಬಿದ್ದಾಗಲೂ ಅದೇ ಮಾತು ಹೇಳಿಕೊಂಡು ಎದ್ದು ಒಲೆ ಹಚ್ಚಿದಳು.

*

“ಹೆಣ್ಣು ಕೊಟ್ಟೋರು ಬನ್ರಪ್ಪಾ,” ಎಂದು ಕುಲದ ಯಜಮಾನರು ಕರೆದರು.

ದಾನಮ್ಮ ಗೊಣಗಿಕೊಂಡು ದವಡೆಯ ಗಂಟು ಬಿಚ್ಚಿದಳು. ಮುನಿಯಣ್ಣ ತಟ್ಟೆಯಿಂದ ಹಿಡಿ ಅಕ್ಕಿ ತೆಗೆದುಕೊಂಡವನು ಹೆಣದ ಕಡೆ ಬಗ್ಗಲಿಲ್ಲ. ತಲೆಯ ಹತ್ತಿರ ಕೂತಿದ್ದ ತಂಗಿಯ ಪಕ್ಕಕ್ಕೆ ಹೋಗಿ ಕುಕ್ಕರಿಸಿ, ಟವೆಲು ಸರಿಸಿ, ಕೇಳುವ ಕಿವಿಯ ಹತ್ತಿರ ಬಾಯಿ ತಂದ. ಜನಕ್ಕೆ ಗೊರಗೊರ ಸದ್ದು ಕೇಳಿಸಿತು. ಬೋರಮ್ಮನಿಗೆ ಮಾತು ಕೇಳಿಸಿತು.

“ಬೋರಿ, ಇವನಿಗೆ ಕೊಟ್ಟ ಮಾತು ಇವನ ಜೊತೆಗೇ ಹೋಯ್ತು. ಇನ್ನು ನನ್ ಕೈಲಿ ಹೊರೋಕಾಗಲ್ಲ. ಅವತ್ತು ಕರಡಿ ನನ್ ತೊಡೆ ಹಿಡ್ಕೊಂಡಿತ್ತು. ಇವನು ಮೇಲೆ ಕೋವಿ ಹಿಡ್ಕೊಂಡು ಕೂತಿದ್ದ. ಹೊಡಿಯೋ ಅಂದೆ. ಬೋರೀನ ಕೊಡ್ತೀಯಾ ಅಂತ ಕೇಳ್ದ.”

ಬೋರಮ್ಮ ಕಿವಿಯನ್ನು ಇನ್ನಷ್ಟು ಹತ್ತಿರ ತಂದಳು.

“ಎರಡು ಸಲ ಕೇಳ್ದ, ಸುಮ್ನಿದ್ದೆ ಕಣವ್ವ. ಮೂರನೇ ಸಲಕ್ಕೆ ಅದು ಎದೆ ಮೇಲೆ ಬಂದಿತ್ತು. ಕೊಡ್ತೀನಿ ಅಂದೆ. ಈ ಬಾಯಿಂದ ನೆಟ್ಟಗೆ ಬಂದ ಕೊನೇ ಮಾತು ಅದೇ. ಆಮೇಲೂ ಇವನು ನಿಧಾನಕ್ಕೆ ಗುರಿ ಇಟ್ಟ, ಈ ಸಲ ತಪ್ಪಬಾರದು ಅಂತ.”

“ಕಿವಿ ಒಡ್ಕೊಂಡು ಬಂದಿದ್ನಲ್ಲ,” ಎಂದಳು ಬೋರಮ್ಮ ಮೆಲ್ಲಗೆ. “ಅವತ್ತಾದ್ರೂ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ನನ್ ಮುಖ ನೋಡ್ತಿದ್ದಾ? ನಿನ್ನ ಬಿಟ್ರೆ ನಂಗೆ ಬಾಯಿ ಎಲ್ಲಿತ್ತು?” ಅವನ ಕಣ್ಣಿನಿಂದ ನೀರು ಇಳಿದು ಗುಳಿಬಿದ್ದ ಕೆನ್ನೆಯಲ್ಲಿ ನಿಂತಿತು. “ಇವನಿಗೆ ನಾನು ಅಕ್ಕಿ ಹಾಕಲ್ಲ. ಯಾಕೆ ಅಂತ ಇವರಿಗೆಲ್ಲ ಹೇಳು. ನನ್ ತಪ್ಪು ಹೊಟ್ಟೆಗೆ ಹಾಕ್ಕೋ. ನಂಗೂ ಮನಸ್ಸು ಹಗುರ ಆಗ್ಲಿ.”

ಬೋರಮ್ಮನಿಗೆ ಸಿಟ್ಟು ಬಂತು. ಸತ್ತವನ ಮೇಲಲ್ಲ. ಅವನು ಎಂಥವನೆಂದು ತಾಳಿ ಕಟ್ಟಿದ ವಾರಕ್ಕೇ ಗೊತ್ತಾಗಿತ್ತು. ಉರಿ ಎದ್ದದ್ದು ಈ ಬದುಕಿ ಕೂತವನ ಮೇಲೆ. ಎತ್ತಿಗೆ ಬಡಿಯುವವನ ಕೈಗೆ ಕೊಡಲಾರೆ ಎಂದವನೇ ಕೊಟ್ಟ. ಕೊಟ್ಟ ಮೇಲೆ ಓಡಿಬಂದವಳನ್ನು ಮತ್ತೆ ಕೊಟ್ಟ. ಅಣ್ಣನಿಗಾಗಿ ಸಹಿಸಿದೆ ಎಂಬ ಒಂದೇ ಒಂದು ಮಾತು ಅವಳ ಹತ್ತಿರ ಉಳಿದಿತ್ತು. ತನ್ನ ಮನಸ್ಸು ಹಗುರವಾಗಲೆಂದು ಇವತ್ತು ಅದನ್ನೂ ಕಿತ್ತುಕೊಂಡ.

“ಅವ್ವಾ, ಮಾವ ಏನಂತಿದಾರೆ?” ಎಂದು ಕೇಳಿದ ಮಂಜುನಾಥ್. ಯಜಮಾನರು, ದಾನಮ್ಮ, ನೆರೆದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಮುನಿಯಣ್ಣನೂ ನೋಡುತ್ತಿದ್ದ.

“ಕೈ ನಡುಗ್ತಿದೆಯಂತೆ,” ಎಂದಳು ಬೋರಮ್ಮ. “ಕೈ ಹಿಡಿದು ಅಕ್ಕಿ ಹಾಕಿಸು ಅಂತಾನೆ.”

ಮುನಿಯಣ್ಣ ಬೆಚ್ಚಿ ಹಿಂದಕ್ಕೆ ಸರಿದ. ಅವಳು ಅವನ ಮಣಿಕಟ್ಟು ಹಿಡಿದು ಎಳೆದಳು. ಹೊಲಗೆಲಸ ಮಾಡಿದ ಕೈ, ಮುದುಕಿಯಾದರೂ ಹಿಡಿತ ಸಡಿಲವಾಗಿರಲಿಲ್ಲ. ಅವನು ಮುಷ್ಟಿ ಬಿಗಿದ. ಅವಳು ಒಂದೊಂದೇ ಬೆರಳು ಬಿಡಿಸಿ, ಚಿಕ್ಕಣ್ಣನ ತೆರೆದ ಬಾಯಿಯ ಮೇಲೆ ಅವನ ಕೈ ಒತ್ತಿ ಅಕ್ಕಿ ಉದುರಿಸಿದಳು. ಮುನಿಯಣ್ಣ ತಲೆ ಕೊಡವಿ ಕಿರುಚಿದ. ತಟ್ಟೆ ಇತ್ತ ತಾ ಎಂದು ಅವಳು ಇನ್ನೊಂದು ಹಿಡಿ ತುಂಬಿಸಿದಳು, ಆಮೇಲೆ ಮತ್ತೊಂದು.

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಗೊಳೋ ಎಂದರು. “ಜೀವ ಉಳಿಸಿದೋನು ಹೋದ್ರೆ ಕರುಳು ಕಿತ್ತು ಬರಲ್ವಾ,” ಎಂದಳು ದಾನಮ್ಮ.

*

ಮಣ್ಣು ಮಾಡಿ ಬಂದ ಗಂಡಸರು ಸ್ನಾನ ಮುಗಿಸಿ ಅನ್ನ ಸಾರು ಉಂಡು ಒಬ್ಬೊಬ್ಬರಾಗಿ ಹೊರಟರು. ಮುನಿಯಣ್ಣ ಎಲೆ ಮುಟ್ಟಲಿಲ್ಲ. ಬೋರಮ್ಮ ಹಜಾರದಲ್ಲಿದ್ದರೆ ಹಜಾರಕ್ಕೆ, ಹಿತ್ತಲಿಗೆ ಹೋದರೆ ಹಿತ್ತಲಿಗೆ ಬಂದು ಮಾತಾಡುತ್ತಲೇ ಇದ್ದ. ಅವಳು ಅವನ ಕಡೆ ತಿರುಗಲಿಲ್ಲ.

ಸೊಸೆ ಕುಸುಮಾಳಿಗೆ ನೋಡಲಾಗಲಿಲ್ಲ. “ಅತ್ತೆ, ದೊಡ್ಡಮಾವ ಆಗ್ಲಿಂದ ಏನೋ ಕೇಳ್ತಾನೇ ಇದಾರೆ. ಏನಂತೆ?”

“ಗೊತ್ತಾಗ್ತಿಲ್ಲ ಕಣಮ್ಮ.”

“ನಿಮಗೂನಾ?”

“ಇಷ್ಟು ದಿನ ಹೆಂಗೋ ತಿಳೀತಿತ್ತು. ಇನ್ಮೇಲೆ ಆಗಲ್ಲ.”

ಮುನಿಯಣ್ಣ ಅವಳ ಮುಖವನ್ನು ನೋಡಿದ. ಆಮೇಲೆ ಕೆನ್ನೆಯ ಉಳಿದ ಮಾಂಸವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು, ಇದ್ದ ಉಸಿರನ್ನೆಲ್ಲ ಸೇರಿಸಿ, ನಿಧಾನವಾಗಿ ಎರಡಕ್ಷರ ಹೊರಡಿಸಿದ.

“ನಿಮ್ ಹೆಸರು ಕೂಗಿದ ಹಂಗಿತ್ತು ಅತ್ತೆ,” ಎಂದಳು ಕುಸುಮಾ.

“ಅಲ್ಲ. ಮೂಗರು ಹಂಗೇ ಏನೋ ಸದ್ದು ಮಾಡ್ತಾರೆ. ಆಟೋಗೆ ಹೇಳು, ಕತ್ತಲಾಗುತ್ತೆ.”

ಆಟೊ ಬಂತು. ಮಂಜುನಾಥ್ ಮಾವನನ್ನು ಹತ್ತಿಸಿ, ನಾಯಂಡಹಳ್ಳಿ ಮೆಟ್ರೊ ಸ್ಟೇಷನ್ನಿನ ಹಿಂದೆ, ಕಬ್ಬಿಣದ ಗೋದಾಮಿನ ಹತ್ತಿರ ಇಳಿಸಿ ಎಂದು ಹೇಳಿದ. ಟವೆಲು ಹೆಗಲಿಗೆ ಜಾರಿದ್ದನ್ನೂ ನೋಡಿಕೊಳ್ಳದೆ ಮುನಿಯಣ್ಣ ಬಾಗಿಲ ಕಡೆ ಕತ್ತು ಚಾಚಿ ಮತ್ತೆ ಶುರುಮಾಡಿದ್ದ. ಬೋರಮ್ಮ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು.

ಮುದುಕ ತನ್ನ ಹತ್ತಿರವೇ ಮಾತಾಡುತ್ತಿದ್ದಾನೆಂದು ಡ್ರೈವರ್ ತಿಳಿದ. ಆಗತಾನೆ ಮನೆಯವರನ್ನು ಮಣ್ಣು ಮಾಡಿ ಬಂದವರು, ಪಾಪ, ಸುಮ್ಮನಿರುವುದು ಸರಿಯಲ್ಲ ಎನಿಸಿರಬೇಕು. “ಹೂಂ ತಾತ… ಹೌದು ತಾತ… ಆಯ್ತು ತಾತ,” ಎಂದು ಕನ್ನಡಿಯಲ್ಲಿ ನೋಡಿ ತಲೆಯಾಡಿಸುತ್ತಾ ಮುಖ್ಯರಸ್ತೆಯ ಕಡೆ ಆಟೊ ತಿರುಗಿಸಿದ.