ಸುದ್ದಿಯ ಕಾಲು

ಚಟ್ಟ ಕಟ್ಟಲು ತಂದು ಹಾಕಿದ್ದ ಬಿದಿರ ಗಳುಗಳ ಮೇಲೆ ದೇವಿರಮ್ಮ ಹೋಗಿ ಕೂತೇಬಿಟ್ಟಳು. ಹಗ್ಗ ಹಿಡಿದಿದ್ದವರು ಹಿಡಿದುಕೊಂಡೇ ನಿಂತರು.

"ಏಳಮ್ಮ ಮೇಲಕ್ಕೆ," ಎಂದ ಹುಚ್ಚೀರಯ್ಯ. ತೀರಿಕೊಂಡ ಚಿಕ್ಕಮಾದಯ್ಯನ ಅಣ್ಣ ಅವನು, ಕೇರಿಗೆ ಯಜಮಾನ. "ಒತ್ತು ಎಲ್ಲಿಗ್ ಬಂತು ನೋಡು."

"ನನ್ ಮಗ್ಳು ಬರಗಂಟ ಏಳಾಕಿಲ್ಲ ಬಾವ. ಅಪ್ಪನ ಮಕ ನೋಡ್ದೆ ಅದೆಂಗೆ ಮಣ್ಣು ಮಾಡೀರಿ?"

"ಬರಾಕೆ ಅವ್ಳಿಗೆ ಗೊತ್ತಾಗ್ಬೇಕಲ್ಲ?"

ಅಲ್ಲೇ ಇದ್ದದ್ದು ತೊಡಕು. ಮಗಳು ಸಣ್ಣತಾಯಮ್ಮ ಹತ್ತು ಮೈಲಿ ದೂರದ ಮದ್ದೂರಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಂಡಿದ್ದಳು. ಭಾನುವಾರ, ಮಳವಳ್ಳಿಯ ಅಂಚೆ ಕಚೇರಿಗೆ ಬೀಗ, ತಂತಿ ಕೊಡುವಂತಿಲ್ಲ. ನಡೆದುಹೋಗಿ ಹೇಳಿಬರಲು ಗಟ್ಟಿ ಕಾಲಿನ ಗಂಡಸರು ಕೇರಿಯಲ್ಲಿ ಇಪ್ಪತ್ತು ಜನ ಇದ್ದರು. ಒಬ್ಬನೂ ಹೊರಡುವಂತಿರಲಿಲ್ಲ. ಹೊರಡಬಾರದೆಂದು ಆಣೆ ಮಾಡಿಸಿದವನು ಒಳಗೆ ಚಾಪೆಯ ಮೇಲೆ ಮಲಗಿದ್ದ ಚಿಕ್ಕಮಾದಯ್ಯನೇ.

*

ಊರಿನ ಯಾವ ಮನೆಯಲ್ಲಿ ಸಾವಾದರೂ ನೆಂಟರೂರುಗಳಿಗೆ ಸುದ್ದಿ ಒಯ್ಯುವುದು ಈ ಕೇರಿಯವರ ಬಿಟ್ಟಿ ಚಾಕರಿ. ಮಳೆಯಿರಲಿ ಜ್ವರವಿರಲಿ ಹೋಗಬೇಕು, ಬಾಗಿಲಾಚೆ ನಿಂತು ಹೇಳಬೇಕು. ಒಲ್ಲೆ ಅಂದರೆ ಏಟು.

ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ಮೂವತ್ತೆಂಟನೇ ಇಸವಿಯಲ್ಲಿ ಚಿಕ್ಕಮಾದಯ್ಯ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಮೆಂಬರಾದ. ಒಂಬತ್ತು ವರ್ಷ ಕೂತ. ಮಂಡ್ಯದಲ್ಲಿ ನಮ್ಮ ಹುಡುಗರಿಗೆ ಹಾಸ್ಟೆಲು ಬೇಕೆಂದ, ಸರ್ಕಾರಿ ಬಾವಿಯಲ್ಲಿ ಎಲ್ಲರೂ ಸೇದಲಿ ಎಂದ. ಅರ್ಧ ಕೊಟ್ಟರು, ಅರ್ಧ ಪರಿಶೀಲನೆಯಲ್ಲಿದೆ ಎಂದರು. ಸಾವಿನ ಸುದ್ದಿಯ ಪ್ರಶ್ನೆಯನ್ನು ಮೂರು ಸಲ ಕೇಳಿದ. ಮೂರನೇ ಸಲವೂ ಅದೇ ಪರಿಶೀಲನೆ! ರೇಗಿಹೋಗಿ ಊರಿಗೆ ಬಂದವನು ಗಂಡಸರನ್ನೆಲ್ಲ ಮಾರಮ್ಮನ ಗುಡಿ ಮುಂದೆ ಕೂರಿಸಿ ಕಾಗದ ಬರೆದ: 'ಇನ್ನು ಮುಂದೆ ನಮ್ಮ ಕೇರಿಯ ಕಾಲು ಸಾವಿನ ಸುದ್ದಿಗೆ ನಡೆಯದು.' ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಮಾರನೇ ವರ್ಷ ಪಟೇಲ ಚೌಡಯ್ಯನ ತಾಯಿ ಸತ್ತಳು. ಪಟೇಲ ಕೇರಿಯ ಬಾಯಲ್ಲಿ ನಿಂತು ಕೂಗಿದ.

"ಲೇ ಮಾದ, ಗುತ್ತಲಿಗೆ ಒಬ್ಬುನ್ನ ಕಳಿಸ್ಲಾ. ನನ್ ತಂಗಿ ಅವ್ಳೆ ಅಲ್ಲಿ."

"ನಿಮ್ಮನೆ ಸಾವು ಗೌಡ್ರೆ, ನಿಮ್ ಕಾಲೇ ನಡೀಲಿ," ಎಂದ ಚಿಕ್ಕಮಾದಯ್ಯ. "ಒಸಾ ಸೈಕಲ್ ಬ್ಯಾರೆ ಅದೆ."

ಪಟೇಲ ಸಾವಿನ ಸುದ್ದಿ ಹೊರುವುದೇ? ಮರ್ಯಾದೆ ಏನಾಗಬೇಕು! ಚೌಡಯ್ಯ ಹೋಗಲಿಲ್ಲ, ತನ್ನವರನ್ನೂ ಕಳಿಸಲಿಲ್ಲ. ತಂಗಿ ಬಂದದ್ದು ಮೂರನೇ ದಿನ, ಹಾಲುತುಪ್ಪದ ಹೊತ್ತಿಗೆ. ಅವ್ವನನ್ನು ಹೂತ ಗುಡ್ಡೆಯ ಮಣ್ಣನ್ನು ಕೈಯಲ್ಲಿ ಕೆರೆದಳಂತೆ. ಅದನ್ನು ಕೇಳಿ ಚಿಕ್ಕಮಾದಯ್ಯ ಮುದ್ದೆ ಮುರಿಯದೆ ಎದ್ದ. "ಆ ಎಣ್ಮಗ್ಳು ಏನ್ ತಪ್ಪು ಮಾಡಿತ್ತೆ?" ಎಂದು ದೇವಿರಮ್ಮನನ್ನೇ ಕೇಳಿದ. ಆದರೆ ಕಾಗದ ಹರಿಯಲಿಲ್ಲ. ಪಟೇಲ ಅವತ್ತಿನಿಂದ ಈ ಮನೆಯ ಕಡೆ ತಲೆ ತಿರುಗಿಸಿಲ್ಲ.

*

"ಆಣೆ ಮಾಡಿದ್ದು ಊರೋರ ಮನೆ ಸಾವಿಗೆ ಬಾವ, ನಮ್ಮನೇದ್ಕಲ್ಲ."

"ಕಾಗ್ದದಲ್ಲಿ ಯಾರ ಮನೆ ಅಂತ ಬರ್ದಿಲ್ಲ ಕಣಮ್ಮ. ಇವತ್ತು ನಾವು ಒಂಟ್ರೆ, ನಿಮ್ ಸಾವಿಗೆ ಓದ್ರಲ್ಲ, ನಮ್ದಕ್ಕೂ ಓಗಿ ಅಂತಾರೆ ಊರೋರು ನಾಳೆ. ಅವ್ನು ಪಟ್ಟ ಪಾಡೆಲ್ಲ ನೀರ್ನಾಗೆ ಓಮ ಮಾಡ್ದಂಗೆ ಆಯ್ತದೆ."

"ಪಟೇಲ ಬೆಳಿಗ್ಗೇನೆ ಸೈಕಲ್ ಅತ್ಕಂಡು ಊರು ಬುಟ್ಟ," ಎಂದಳು ಪಕ್ಕದ ಮನೆಯ ಬೆಟ್ಟಮ್ಮ. "ಎಣ ನೋಡಾಕೂ ಆಗ್ದು ಅವ್ನಿಗೆ. ಅವ್ನ ಒಟ್ಟೆ ಉರಿಗೆ ಮಣ್ ಆಕ!"

ದೇವಿರಮ್ಮನಿಗೆ ಸಿಟ್ಟು ಬಂದದ್ದು ಪಟೇಲನ ಮೇಲಲ್ಲ, ಗಂಡನ ಮೇಲೆ. ಲೋಕಕ್ಕೆಲ್ಲ ನ್ಯಾಯ ಬರೆದವನು ತನ್ನ ಮಗಳಿಗೊಂದು ಸಾಲು ಬಿಡಬಾರದಿತ್ತೆ? ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಎಬ್ಬೆಟ್ಟು ಒತ್ತಿರೋರು ಗಂಡುಸ್ರು. ನಾನ್ ಒತ್ತಿಲ್ಲ. ನಾನೇ ಓಯ್ತೀನಿ."

"ಗಂಡನ್ ಎಣ ಬುಟ್ಟು ಓಯ್ತಾರೇನಮ್ಮ?"

ಅವಳು ಆಗಲೇ ಕೇರಿಯ ಬಾಯಿಗೆ ಬಂದಿದ್ದಳು. ಎದುರಿಗೆ ಜಟಕಾ ಬಂದು ನಿಂತಿತು. ಸಣ್ಣತಾಯಮ್ಮ ಧುಮುಕಿದವಳೇ ಒಳಗೆ ಓಡಿ ಅಪ್ಪನ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ದೇವಿರಮ್ಮ ಅಲ್ಲಿಯ ತನಕ ತಡೆದಿದ್ದ ಅಳು ಆಗ ಬಂತು.

"ನಿಂಗ್ ಸುದ್ದಿ ಯಾರವ್ವ ಏಳಿದ್ದು?" ಎಂದಳು ತಾಯಿ.

"ಗೌಡ್ರು," ಎಂದಳು ಮಗಳು. "ಬಾಗ್ಲಾಚೆ ನಿಂತು, 'ನಿಮ್ಮಪ್ಪೋರು ತೀರ್ಕಂಡ್ರು ಕಣಮ್ಮ' ಅಂದ್ರು. ಒಳಕ್ ಬನ್ನಿ ಅಂದ್ರೂ ಬರ್ನಿಲ್ಲ."

ಹೊರಗೆ, ಕೇರಿಯ ಬಾಯಲ್ಲಿ, ಜಟಕಾದ ಹಿಂದೆ ಪಟೇಲ ಚೌಡಯ್ಯ ಸೈಕಲ್ ಹಿಡಿದು ನಿಂತಿದ್ದ. ಮೊಳಕಾಲ ತನಕ ಧೂಳು.

*

ಹೊತ್ತು ಮುಳುಗುವ ಮುಂಚೆ ಮಣ್ಣಾಯಿತು. ಪಟೇಲ ಗುಂಡಿಯ ತನಕ ಬಂದು, ಒಂದು ಹಿಡಿ ಮಣ್ಣು ಹಾಕಿ, ಮತ್ತೆ ಅಂಗಳದ ಅಂಚಿಗೆ ಬಂದು ನಿಂತ.

"ಮದ್ದೂರ್ಗೆ ನೀವ್ಯಾಕೆ ಓದ್ರಿ ಗೌಡ್ರೆ?" ಹುಚ್ಚೀರಯ್ಯ ಕೇಳಿದ.

"ನಿಮ್ಮೋರು ಯಾರೂ ಓಗ್ನಿಲ್ಲ ಅಂತ ಕೇಳ್ದೆ." ಚೌಡಯ್ಯ ಮೊಳಕಾಲಿನ ಧೂಳು ಕೊಡವಿಕೊಂಡ. "ನನ್ ತಂಗಿ ಇವತ್ಗೂ ನನ್ ಕೂಡೆ ಮಾತಾಡಾಕಿಲ್ಲ. ಸಿಟ್ಟು ಮಾದಯ್ಯನ ಮ್ಯಾಲಲ್ಲ, ನನ್ ಮ್ಯಾಲೆ. ಸೈಕಲ್ ಇತ್ತಲ್ಲಣ್ಣ, ನೀನ್ಯಾಕೆ ಬರ್ನಿಲ್ಲ ಅಂತಾಳೆ."

ಅವನು ಸೈಕಲ್ ತಿರುಗಿಸಿಕೊಂಡ.

"ಬತ್ತೀನಿ ಕಣಮ್ಮ," ಎಂದ.

ಸಾವಿನ ಮನೆಯಿಂದ ಹೊರಡುವವರು ಬರುತ್ತೇನೆ ಎನ್ನಬಾರದು. ಹೇಳದೆ ಎದ್ದು ಹೋಗಬೇಕು. ಬೆಟ್ಟಮ್ಮ ಬಾಯಿಗೆ ಕೈ ಅಡ್ಡ ಇಟ್ಟಳು. ಚೌಡಯ್ಯನೂ ನಾಲಿಗೆ ಕಚ್ಚಿಕೊಂಡ. ಹುಟ್ಟಿದಾಗಿನಿಂದ ಇವತ್ತಿನ ತನಕ ಈ ಕೇರಿಯೊಳಗೆ ಕಾಲಿಟ್ಟವನಲ್ಲ, ಇಲ್ಲಿ ಯಾರಿಗೂ ಬರುತ್ತೇನೆ ಎಂದು ಹೇಳಿ ಅಭ್ಯಾಸವಿಲ್ಲ.

"ಬನ್ನಿ," ಎಂದಳು ದೇವಿರಮ್ಮ.

ಪಟೇಲ ಸೈಕಲ್ ತಳ್ಳಿಕೊಂಡು ಹೊರಟ. ಜಗಲಿಗಳ ಮೇಲಿದ್ದ ಗಂಡಸರು ಯಾರೂ ಏಳಲಿಲ್ಲ. ಒಬ್ಬ ಮಾತ್ರ, ದಾರಿಗೆ ಚಾಚಿದ್ದ ಕಾಲನ್ನು ಮಡಚಿಕೊಂಡ.